ಓದುಗರ ಪ್ರಶ್ನೆ: ಮಾಜಿ ಸೈನಿಕರ ಆಸ್ಪತ್ರೆಯ ಸಿಟಿ ಸ್ಕ್ಯಾನ್ ರೂಮಿಂದ

(ಅಮೆರಿಕದ ಒಂದು ವೆಟರನ್ಸ್, ಅಂದರೆ ಮಾಜಿ ಸೈನಿಕರ ಸರ್ಕಾರಿ (ವಿಎ) ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡುವ ಟೆಕ್ನಾಲಜಿಸ್ಟ್ ಆಗಿರುವ, ಹಾಸನದ ಕಡೆಯ ಕನ್ನಡತಿಯೊಬ್ಬರು ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಅಕ್ಕ, ಬೆಂಗಳೂರಲ್ಲಿ ಬಿಎಸ್‌ಸಿ ಮೆಡಿಕಲ್ ಇಮೇಜಿಂಗ್ ಮಾಡಿ ಒಂದು ಡಯಾಗ್ನಾಸ್ಟಿಕ್ ಸೆಂಟರಲ್ಲಿ ಸಿಟಿ ಮಾಡ್ತಿದ್ದೆ. ಮದ್ವೆ ಆಗಿ ಟೆಕ್ಸಾಸ್‌ಗೆ ಬಂದಿದೀನಿ. ನಿಮ್ಮ ತರ ವಿಎ ಆಸ್ಪತ್ರೇಲಿ ಕೆಲಸ ಸಿಗತ್ತಾ?
– ಓದುಗರೊಬ್ಬರು, ಡಲ್ಲಾಸ್

ಸಿಗತ್ತಮ್ಮಾ, ಆದ್ರೆ ಸೀದಾ ಹೋಗಿ ಅರ್ಜಿ ಹಾಕಿದ್ರೆ ಸಿಗಲ್ಲ, ದಾರಿ ಸ್ವಲ್ಪ ಉದ್ದ ಇದೆ. ಮೊದ್ಲು ನಿಮ್ಮ ವೀಸಾದಲ್ಲಿ ಕೆಲಸ ಮಾಡೋಕೆ ಪರ್ಮಿಟ್ ಇದ್ಯಾ ನೋಡ್ಕೊಳಿ. ಆಮೇಲೆ ಎಆರ್‌ಆರ್‌ಟಿ ಅನ್ನೋ ಸಂಸ್ಥೆಯ ಪರೀಕ್ಷೆ. 1922ರಿಂದ ಇಲ್ಲಿ ಟೆಕ್ನಾಲಜಿಸ್ಟ್‌ಗಳನ್ನ ಪರೀಕ್ಷೆ ಮಾಡಿ ರಿಜಿಸ್ಟರ್ ಮಾಡ್ತಿರೋದು ಅವರೇ, ಅವರ ರಿಜಿಸ್ಟ್ರಿ ಇಲ್ದೆ ಒಳ್ಳೇ ಆಸ್ಪತ್ರೆ ಯಾವುದೂ ಒಳಗೆ ಬಿಟ್ಕೊಳಲ್ಲ. ನಮ್ಮ ಡಿಗ್ರಿ ತೋರಿಸಿ ನೇರವಾಗಿ ಆ ಪರೀಕ್ಷೆಗೆ ಕೂರ್ತೀನಿ ಅಂದ್ರೆ ಸಾಮಾನ್ಯವಾಗಿ ಆಗಲ್ಲ, ಇಲ್ಲಿ ಮಾನ್ಯತೆ ಇರೋ ಕಾಲೇಜಿನ ರೇಡಿಯಾಗ್ರಫಿ (ಎಕ್ಸ್‌ರೇ ತೆಗೆಯೋ ವಿದ್ಯೆ) ಪ್ರೋಗ್ರಾಂ ಮೂಲಕಾನೇ ಹೋಗ್ಬೇಕು. ಮನೆ ಹತ್ರದ ಕಮ್ಯೂನಿಟಿ ಕಾಲೇಜಿಗೆ ಹೋಗಿ ಪ್ರೋಗ್ರಾಂ ಡೈರೆಕ್ಟರ್ ಹತ್ರ ಮಾರ್ಕ್ಸ್ ಕಾರ್ಡು, ಸಿಲಬಸ್ ಎಲ್ಲಾ ಇಟ್ಕೊಂಡು ಮಾತಾಡಿ, ಮೊದಲೇ ಓದಿರೋದಕ್ಕೆ ಎಷ್ಟು ವಿನಾಯಿತಿ ಕೊಡಬಹುದು ಅನ್ನೋದನ್ನ ಅವರೇ ಹೇಳ್ಬೇಕು. ರೇಡಿಯಾಗ್ರಫಿ ಪಾಸಾದ್ಮೇಲೆ ಸಿಟಿಗೆ ಬೇರೆ ಪರೀಕ್ಷೆ, ಅದಾದ್ಮೇಲೂ ಎರಡು ವರ್ಷಕ್ಕೊಮ್ಮೆ 24 ಕ್ರೆಡಿಟ್ ಓದ್ತಾನೇ ಇರ್ಬೇಕು.

ವಿಎ ಅಂದ್ರೆ ಕೇಂದ್ರ ಸರ್ಕಾರದ ಕೆಲಸ, ಹಾಗಾಗಿ ಅಮೆರಿಕನ್ ನಾಗರಿಕರಿಗೆ ಮೊದಲ ಆದ್ಯತೆ. ಅರ್ಹ ನಾಗರಿಕರು ಸಿಗದೇ ಇದ್ದಾಗ ಮಾತ್ರ ಬೇರೆಯವರನ್ನ ತಗೋಬಹುದು. ಬಹಳ ಜನ ನಮ್ಮವರು ಈ ವಿಷಯ ಗೊತ್ತಿಲ್ದೆ ಅರ್ಜಿ ಮೇಲೆ ಅರ್ಜಿ ಹಾಕಿ ಬೇಜಾರು ಮಾಡ್ಕೋತಾರೆ. ನನ್ನ ಮಾತು ಕೇಳಿದ್ರೆ ಮೊದ್ಲು ಒಂದು ಸಾಮಾನ್ಯ ಆಸ್ಪತ್ರೇಲಿ, ಅದ್ರಲ್ಲೂ ದೊಡ್ಡ ಗಾಯ ಆದವರನ್ನ ನೋಡೋ ಟ್ರಾಮಾ ಸೆಂಟರ್ ಇರೋ ಕಡೆ ನೈಟ್ ಶಿಫ್ಟ್ ಮಾಡಿ. ಅಲ್ಲಿ ಪಳಗಿದ ಕೈ ಮುಂದೆ ಎಲ್ಲೋದ್ರೂ ನಡೆಯತ್ತೆ.

ವೆಟರನ್ಸ್ ಆಸ್ಪತ್ರೆ ಅಂದ್ರೆ ಬೇರೆ ಏನಿರತ್ತೆ? ಮಷೀನ್ ಅದೇ, ಸ್ಕ್ಯಾನ್ ಅದೇ ಅಲ್ವಾ ಮೇಡಂ?
– ರೇಡಿಯಾಲಜಿ ವಿದ್ಯಾರ್ಥಿ, ಮಂಗಳೂರು

ಮಷೀನ್ ಅದೇ. ಎದೆಯ ಸ್ಕ್ಯಾನ್ ಮುಗಿಯೋಕೆ ಒಂದು ಸಲ ಉಸಿರು ಹಿಡಿದು ಬಿಡೋಷ್ಟು ಹೊತ್ತು ಸಾಕು. ನನ್ನ ಕೆಲಸದ ಮುಕ್ಕಾಲು ಭಾಗ ಇರೋದು ಆ ಉಸಿರಿಗೆ ಮುಂಚೆ.

ವಿಯೆಟ್ನಾಮ್ ಯುದ್ಧಕ್ಕೆ ಹೋಗಿ ಬಂದವರು ಈಗ ಎಪ್ಪತ್ತು ದಾಟಿದಾರೆ. ಆ ಕಾಲದಲ್ಲಿ ಸೈನಿಕರ ಊಟದ ಪೊಟ್ಟಣದ ಜೊತೆ ಸಿಗರೇಟನ್ನೂ ಸೈನ್ಯಾನೇ ಕೊಡ್ತಿತ್ತು, ಅದನ್ನ ನಿಲ್ಲಿಸಿದ್ದು 1975ರಲ್ಲಿ. ಹದಿನೆಂಟು ಹತ್ತೊಂಬತ್ತರ ಹುಡುಗ್ರು, ಕೈಗೆ ಪುಕ್ಕಟೆ ಸಿಗರೇಟು, ಅಲ್ಲಿ ಹತ್ತಿದ ಚಟ ಎಷ್ಟೋ ಜನಕ್ಕೆ ಬಿಡೋಕೇ ಆಗ್ಲಿಲ್ಲ. ಅದಕ್ಕೇ ನಮ್ಮಲ್ಲಿ ಲೋ ಡೋಸ್ ಸಿಟಿ, ಅಂದ್ರೆ ಕಡಿಮೆ ರೇಡಿಯೇಷನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹುಡುಕೋ ಸ್ಕ್ಯಾನ್ ತುಂಬಾ ನಡೆಯತ್ತೆ. 2021ರ ಶಿಫಾರಸು ಪ್ರಕಾರ 50ರಿಂದ 80 ವಯಸ್ಸು, ದಿನಕ್ಕೆ ಒಂದು ಪ್ಯಾಕ್‌ನಂತೆ 20 ವರ್ಷ ಸೇದಿದ ಲೆಕ್ಕ, ಈಗ್ಲೂ ಸೇದ್ತಿರ್ಬೇಕು ಇಲ್ಲಾ ಬಿಟ್ಟು 15 ವರ್ಷದೊಳಗಾಗಿರ್ಬೇಕು, ಅಂಥವರಿಗೆ ವರ್ಷಕ್ಕೊಂದು ಸ್ಕ್ಯಾನ್. ಇದನ್ನ ಮಾಡೋ ಪ್ರತಿ ದಿನಾನೂ ಈ ಕೆಲಸಕ್ಕೆ ಅರ್ಥ ಇದೆ ಅನ್ಸತ್ತೆ, ಯಾಕಂದ್ರೆ 2011ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಮಾಮೂಲಿ ಎಕ್ಸ್‌ರೇ ಮಾಡಿಸ್ಕೊಂಡವರಿಗಿಂತ ಈ ಸ್ಕ್ಯಾನ್ ಮಾಡಿಸ್ಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯೋರು ಶೇಕಡಾ 20ರಷ್ಟು ಕಡಿಮೆ ಇದ್ರು.

ಇನ್ನು ಇರಾಕ್, ಅಫ್ಘಾನಿಸ್ತಾನಕ್ಕೆ ಹೋಗಿ ಬಂದ ನಡುವಯಸ್ಸಿನವರು. ಅಲ್ಲಿ ಕ್ಯಾಂಪಿನ ಕಸ, ಪ್ಲಾಸ್ಟಿಕ್ಕು, ಔಷಧಿ ತ್ಯಾಜ್ಯ ಎಲ್ಲಾ ದೊಡ್ಡ ಗುಂಡಿಗೆ ಸುರಿದು ವಿಮಾನದ ಇಂಧನ ಹಾಕಿ ಸುಡ್ತಿದ್ರು, ಆ ಹೊಗೇಲೇ ತಿಂಗಳುಗಟ್ಲೆ ಮಲಗಿ ಎದ್ದಿದಾರೆ. 2022ರ ಆಗಸ್ಟ್ 10ಕ್ಕೆ ಪ್ಯಾಕ್ಟ್ ಆಕ್ಟ್ ಅಂತ ಕಾನೂನು ಬಂತು. ಅದಾದ್ಮೇಲೆ ಆ ಹೊಗೆಗೂ ವಿಯೆಟ್ನಾಮಲ್ಲಿ ಸಿಂಪಡಿಸಿದ ಏಜೆಂಟ್ ಆರೆಂಜ್ ವಿಷಕ್ಕೂ ಸಂಬಂಧಪಟ್ಟ ಎಷ್ಟೋ ಕಾಯಿಲೆಗಳಿಗೆ, ಇದು ಸೇವೆಯಿಂದಲೇ ಬಂದದ್ದು ಅಂತ ಒಬ್ಬೊಬ್ಬರೂ ಸಾಬೀತು ಮಾಡೋ ಕಷ್ಟ ತಪ್ಪಿತು. ಇದು ಇನ್ನೂ ಎಷ್ಟೋ ಮುಂಚೆ ಆಗ್ಬೇಕಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಉಸಿರು ಕಟ್ಟತ್ತೆ ಅಂತ ಬಂದವರಿಗೆ ಒಂದು ಸಲ ಉಸಿರು ಎಳೆದು ಹಿಡಿಸ್ತೀವಿ, ಇನ್ನೊಂದು ಸಲ ಪೂರ್ತಿ ಹೊರಗೆ ಬಿಡ್ಸಿ ಸ್ಕ್ಯಾನ್ ಮಾಡ್ತೀವಿ. ಸಣ್ಣ ಕೊಳವೆಗಳಲ್ಲಿ ಗಾಳಿ ಸಿಕ್ಕಾಕೊಂಡಿದ್ರೆ ಅದು ಕಾಣ್ಸೋದು ಆ ಎರಡನೇದ್ರಲ್ಲಿ. ಪೂರ್ತಿ ಉಸಿರು ಬಿಡೋದನ್ನ ಮೊದ್ಲೇ ಅವರ ಪಕ್ಕ ನಿಂತು ಮಾಡ್ಸಿ ನೋಡ್ದೇ ಇದ್ರೆ ಅರ್ಧಕ್ಕೇ ನಿಲ್ಲಿಸ್ತಾರೆ, ಸ್ಕ್ಯಾನ್ ಮಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಮುಟ್ಟೋ ವಿಷಯಕ್ಕೆ ಬಂದ್ರೆ, ಹಿಂದಿನಿಂದ ಬಂದು ಹೆಗಲು ಮುಟ್ಟೋದು ನಮ್ಮಲ್ಲಿ ಇಲ್ವೇ ಇಲ್ಲ. ನಿದ್ದೆಗೆ ಜಾರಿದವರನ್ನ ಅಲುಗಾಡಿಸಿ ಎಬ್ಬಿಸಲ್ಲ, ಕಾಲಿನ ಕಡೆ ದೂರ ನಿಂತು ಹೆಸರು ಹಿಡಿದು ಕರೀತೀವಿ. ಯುದ್ಧದ ನೆನಪು ಮೈಯಲ್ಲಿ ಉಳಿದಿರತ್ತೆ, ತಲೆ ಮೇಲೆ ಗ್ಯಾಂಟ್ರಿ, ಅಂದ್ರೆ ಮಷೀನಿನ ಬಳೆಯಂಥ ಭಾಗ, ಗುಯ್ ಅಂತ ತಿರುಗೋಕೆ ಶುರು ಮಾಡಿದ್ರೆ ಕೆಲವರ ಮುಷ್ಟಿ ಬಿಗಿಯಾಗತ್ತೆ. ಹಾಗಾಗಿ ಮುಂಚೇನೇ ಹೇಳ್ತೀನಿ: ಈಗ ಟೇಬಲ್ ಮೇಲೇಳತ್ತೆ, ಈಗ ಒಳಗೆ ಹೋಗತ್ತೆ, ಈಗ ಸದ್ದು ಬರತ್ತೆ, ಈಗ ಡೈ (ಒಳಗಿನದು ಸ್ಪಷ್ಟವಾಗಿ ಕಾಣೋಕೆ ರಕ್ತನಾಳಕ್ಕೆ ಕೊಡೋ ದ್ರವ) ಹೋಗತ್ತೆ, ಗಂಟಲಿಂದ ಹೊಟ್ಟೆ ಕೆಳಗಿನವರೆಗೂ ಬಿಸಿ ಅನ್ಸತ್ತೆ, ಬಟ್ಟೆ ಒದ್ದೆ ಆಯ್ತೇನೋ ಅನ್ಸತ್ತೆ, ಆಗಿರಲ್ಲ, ಅರ್ಧ ನಿಮಿಷದಲ್ಲಿ ಹೋಗತ್ತೆ, ನಾನು ಗಾಜಿನ ಆಚೆ ನಿಮ್ಮನ್ನ ನೋಡ್ತಾನೇ ಇರ್ತೀನಿ. ಹೆಣ್ಣು ಸೈನಿಕರು ಬಂದಾಗ ರೂಮಲ್ಲಿ ಯಾರಿರ್ಬೇಕು ಯಾರಿರಬಾರದು ಅಂತ ಅವರನ್ನೇ ಕೇಳ್ತೀವಿ, ಯಾಕೆ ಅಂತ ಕೇಳಲ್ಲ.

ಇಳಿಯೋವಾಗ ಎಲ್ರೂ ಕೇಳೋದು ಒಂದೇ, "ಏನಾದ್ರೂ ಕಾಣ್ಸ್ತಾ?" ಅಂತ. ನಾವು ಹೇಳಂಗಿಲ್ಲ, ಓದಿ ಹೇಳ್ಬೇಕಾದ್ದು ರೇಡಿಯಾಲಜಿಸ್ಟ್. ಆದ್ರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಕಣ್ಣಿಗೆ ಬಿದ್ರೆ ಆ ಮನುಷ್ಯನನ್ನ ಕಾರ್ ಪಾರ್ಕಿಂಗ್‌ಗೆ ಕಳ್ಸೋಕಾಗತ್ತಾ? "ಇಲ್ಲೇ ಸ್ವಲ್ಪ ಕೂತಿರಿ" ಅಂತ ಹೇಳಿ ತಕ್ಷಣ ಡಾಕ್ಟರ್‌ಗೆ ಫೋನ್ ಮಾಡ್ತೀವಿ. ಆ ಎರಡು ನಿಮಿಷ ಮುಖದಲ್ಲಿ ಏನೂ ತೋರಿಸ್ಕೊಳ್ದೆ ಸುಳ್ಳೂ ಹೇಳ್ದೆ ಇರೋದಿದ್ಯಲ್ಲ, ವಿದ್ಯಾರ್ಥಿಗಳು ಕಲೀಬೇಕಾದ್ದು ಅದು, ಸಿಲಬಸ್ಸಲ್ಲಿ ಇರಲ್ಲ.

ಸಿಟಿ ಹುಟ್ಟಿದ್ದೇ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅಂತ ಯಾರೋ ಹೇಳಿದ್ರು, ನಿಜವೇ?
– ನಿವೃತ್ತ ವಿಜ್ಞಾನ ಶಿಕ್ಷಕರು, ತುಮಕೂರು

ಪೂರ್ತಿ ನಿಜ ಅಲ್ಲ ಸರ್, ಆದ್ರೆ ಎಳೆ ಇದೆ. ರೋಗಿಗೆ ಮೊದಲ ಸಿಟಿ ಆಗಿದ್ದು ಇಂಗ್ಲೆಂಡಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೇಲಿ, 1971ರ ಅಕ್ಟೋಬರ್ 1ಕ್ಕೆ. ಮಷೀನ್ ಕಟ್ಟಿದ ಹೌನ್ಸ್‌ಫೀಲ್ಡ್‌ಗೆ 1979ರಲ್ಲಿ, ಇದರ ಗಣಿತ ಮಾಡಿದ್ದ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಆ ಮೊದಲ ಸಿಟಿಗೆ ಹತ್ತು ವರ್ಷ ಮುಂಚೆ, 1961ರಲ್ಲೇ, ಲಾಸ್ ಏಂಜಲೀಸ್‌ನ ವೆಟರನ್ಸ್ ಆಸ್ಪತ್ರೇಲಿ ನರರೋಗ ತಜ್ಞರಾಗಿದ್ದ ವಿಲಿಯಂ ಓಲ್ಡೆಂಡಾರ್ಫ್ ಇದೇ ಯೋಚನೆಯ ಒಂದು ಮಾದರಿ ಮಾಡಿ ಪ್ರಕಟಿಸಿದ್ರು. ಮನೇಲಿದ್ದ ಆಟದ ರೈಲು, ಗ್ರಾಮಫೋನಿನ ತಿರುಗೋ ತಟ್ಟೆ ಇಂಥವನ್ನೇ ಸೇರಿಸಿ ಕಟ್ಟಿದ್ದು. ಒಂದು ಎಕ್ಸ್‌ರೇ ಕಂಪನಿ ಇದಕ್ಕೆಲ್ಲಾ ಮಾರ್ಕೆಟ್ ಇಲ್ಲ ಅಂತ ವಾಪಸ್ ಕಳಿಸ್ತು. ವೈದ್ಯಕೀಯ ಸಂಶೋಧನೆಗೆ ಕೊಡೋ ಲಾಸ್ಕರ್ ಪ್ರಶಸ್ತಿ 1975ರಲ್ಲಿ ಹೌನ್ಸ್‌ಫೀಲ್ಡ್ ಜೊತೆ ಇವರಿಗೂ ಸಿಕ್ಕಿತು, ನೊಬೆಲ್ ಸಿಗಲಿಲ್ಲ. ನಿಮ್ಮ ಮಕ್ಕಳಿಗೆ ಅವರ ಹೆಸರನ್ನೂ ಹೇಳಿ ಸರ್.

ರೇಡಿಯೇಷನ್ ಕೆಲಸ ಅಂತ ಹುಡುಗೀರ್ಗೆ ಬೇಡ ಅಂತಾರೆ ಮನೇಲಿ. ಮುಂದೆ ಮಕ್ಕಳಾಗೋಕೆ ತೊಂದ್ರೆ ಆಗತ್ತಾ?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಸರಿಯಾಗಿ ಕೆಲಸ ಮಾಡಿದ್ರೆ ಆ ಭಯ ಬೇಡ ಪುಟ್ಟಿ. ಎಕ್ಸ್‌ರೇ ಬರೋದು ಬಟನ್ ಒತ್ತಿದಾಗ ಮಾತ್ರ, ಆಗ ನಾವು ಸೀಸದ ಗೋಡೆ, ಸೀಸದ ಗಾಜಿನ ಆಚೆ ಇರ್ತೀವಿ. ಎದೆ ಮೇಲಿನ ಬ್ಯಾಡ್ಜ್ ಎಷ್ಟು ಬಿತ್ತು ಅಂತ ಲೆಕ್ಕ ಇಡತ್ತೆ. ಅಮೆರಿಕದಲ್ಲಿ ವರ್ಷದ ಮಿತಿ 50 ಮಿಲಿಸೀವರ್ಟ್ (ಮೈಗೆ ಬಿದ್ದ ರೇಡಿಯೇಷನ್ ಅಳೆಯೋ ಮಾನ), ಭಾರತದಲ್ಲಿ ಇನ್ನೂ ಬಿಗಿ, ಐದು ವರ್ಷದ ಸರಾಸರಿ ವರ್ಷಕ್ಕೆ 20. ಸಿಟಿಯವರ ಬ್ಯಾಡ್ಜ್ ಇದರ ಹತ್ರಕ್ಕೂ ಬರಲ್ಲ ಸಾಮಾನ್ಯವಾಗಿ. ಗರ್ಭಿಣಿ ಆದಾಗ ಲಿಖಿತವಾಗಿ ತಿಳಿಸಿದ್ರೆ ಮಗುವಿಗೆ ಅಂತ ಇನ್ನೊಂದು ಬ್ಯಾಡ್ಜ್ ಕೊಡ್ತಾರೆ. ನಿಜವಾದ ತೊಂದ್ರೆ ಬೆನ್ನು! ದಿನವಿಡೀ ದೊಡ್ಡಾಳುಗಳನ್ನ ಸ್ಟ್ರೆಚರಿಂದ ಟೇಬಲ್‌ಗೆ ಎಳೀಬೇಕು, ಜಾರಿಸೋ ಬೋರ್ಡ್ ಇಲ್ದೆ, ಇನ್ನೊಬ್ರು ಇಲ್ದೆ ಒಬ್ಬಳೇ ಎಳೀಬೇಡ. ಬ್ಯಾಡ್ಜ್ ಕೊಡದ ಸೆಂಟರಲ್ಲಿ ಒಂದು ದಿನಾನೂ ಕೆಲಸ ಮಾಡ್ಬೇಡ, ಅದು ಊರಲ್ಲಾದ್ರೂ ಅಷ್ಟೇ.

ನಮ್ಮ ತಂದೆ ನಿವೃತ್ತ ಸುಬೇದಾರ್. ತೊಡೆಯಲ್ಲಿ ಹಳೇ ಶೆಲ್ ಚೂರು ಇದೆ. ಬೆನ್ನುನೋವಿಗೆ ಎಂಆರ್‌ಐ ಬೇಡ, ಸಿಟಿ ಮಾಡಿಸಿ ಅಂದಿದಾರೆ. ಇಸಿಎಚ್‌ಎಸ್‌ನಿಂದ (ಮಾಜಿ ಸೈನಿಕರ ಆರೋಗ್ಯ ಯೋಜನೆ) ರೆಫರಲ್ ಆಗಿದೆ. ಸಿಟೀಲಿ ಚೂರು ಅಲುಗಾಡಲ್ವಾ?
– ಓದುಗರೊಬ್ಬರು, ಮಡಿಕೇರಿ

ಅಲುಗಾಡಲ್ಲ ಅಣ್ಣ, ಧೈರ್ಯವಾಗಿ ಕರ್ಕೊಂಡು ಹೋಗಿ. ಎಂಆರ್‌ಐ ಒಳಗಿರೋದು ಭಾರೀ ಅಯಸ್ಕಾಂತ, ಕಬ್ಬಿಣದ ಚೂರಾದ್ರೆ ಎಳೀಬಹುದು, ಕಣ್ಣು, ನರ, ರಕ್ತನಾಳದ ಹತ್ರ ಇದ್ರಂತೂ ಬಹಳ ಅಪಾಯ. ಸಿಟೀಲಿ ಅಯಸ್ಕಾಂತ ಇಲ್ಲ, ಬರೀ ಎಕ್ಸ್‌ರೇ. ಮೈಯಲ್ಲಿ ಚೂರು ಉಳಿದಿರೋರು ನಮ್ಮಲ್ಲಿ ದಿನಾ ಬರ್ತಾರೆ. ಕೆಲವರು ಫಾರ್ಮಲ್ಲಿ "ಲೋಹ ಇಲ್ಲ" ಅಂತ ಬರೆದಿರ್ತಾರೆ, ಪ್ಯಾಂಟ್ ಜೇಬು ಖಾಲಿ ಮಾಡಿದೀವಲ್ಲ ಅನ್ನೋ ಅರ್ಥದಲ್ಲಿ. ಮಾತಾಡ್ತಾ ಮಾತಾಡ್ತಾ ಗಾಯದ ಗುರುತು ಕಂಡು ಕೇಳಿದಾಗ್ಲೇ ಐವತ್ತು ವರ್ಷದ ಹಿಂದಿನದು ಹೊರಗೆ ಬರೋದು. ತಂದೆಯವರು ಅದೇ ತರ "ಅದೆಲ್ಲಾ ಏನಿಲ್ಲ" ಅಂದ್ರೂ ನೀವು ಹೇಳ್ಲೇಬೇಕು.

ಲೋಹ ಇದ್ರೆ ಸಿಟೀಲಿ ಆಗೋದು ಇಷ್ಟೇ, ಚೂರಿನ ಸುತ್ತ ಕಪ್ಪು ಬಿಳಿ ಗೀಟು ಗೀಟಾಗಿ ಬಂದು ಪಕ್ಕದ್ದು ಮಸುಕಾಗತ್ತೆ. ಸ್ಕ್ಯಾನ್ ಮಾಡೋದು ಬೆನ್ನಿಗೆ, ಚೂರಿರೋದು ತೊಡೇಲಿ, ಹಾಗಾಗಿ ನಿಮಗೆ ಆ ಸಮಸ್ಯೆ ಬರೋದು ಕಷ್ಟ. ಇನ್ನೊಂದು ಗೊತ್ತಿರ್ಲಿ, ನರ ಒತ್ತಿದ್ಯಾ ಅನ್ನೋದು ಎಂಆರ್‌ಐನಷ್ಟು ಚೆನ್ನಾಗಿ ಸಿಟೀಲಿ ಕಾಣಲ್ಲ, ಮೂಳೆ ಚೆನ್ನಾಗಿ ಕಾಣತ್ತೆ. ಸಿಟಿಯಿಂದ ಉತ್ತರ ಸಿಗ್ಲಿಲ್ಲ ಅಂದ್ರೆ ತೊಡೆಯ ಎಕ್ಸ್‌ರೇ ತೋರ್ಸಿ, ಈ ಚೂರಿಟ್ಕೊಂಡು ಎಂಆರ್‌ಐ ಮಾಡಬಹುದಾ ಅಂತ ರೇಡಿಯಾಲಜಿಸ್ಟ್ ಹತ್ರ ಇನ್ನೊಂದು ಸಲ ಕೇಳಿ, ಎಲ್ಲಾ ಚೂರಿಗೂ ಆಗಲ್ಲ ಅಂತೇನಿಲ್ಲ. ಹೋಗುವಾಗ ಹಳೇ ಎಕ್ಸ್‌ರೇ, ಸಿಡಿ, ಸೇವೆಯಲ್ಲಿದ್ದಾಗಿನ ಆಪರೇಷನ್ ಕಾಗದ ಇದ್ರೆ ಎಲ್ಲಾ ತಗೊಂಡ್ಹೋಗಿ. ಮಾಮೂಲಿ ಬೆನ್ನಿನ ಸಿಟಿಗೆ ಡೈ ಬೇಕಾಗೋದು ಕಡಿಮೆ. ಬೇಕು ಅಂದ್ರೆ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ತೋರಿಸಿ, ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಿದ್ರೆ ಮೊದ್ಲೇ ಹೇಳಿ, ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟರ್ ಹೇಳಿದಂಗೆ ಮಾಡಿ. ಬೆನ್ನುನೋವಿನವರಿಗೆ ಅಂಗಾತ ಮಲಗೋದೇ ದೊಡ್ಡ ಕಷ್ಟ. ಮಂಡಿ ಕೆಳಗೆ ದಿಂಬು ಇಡಿ ಅಂತ ಅಲ್ಲಿನ ಟೆಕ್ನಿಷಿಯನ್‌ಗೆ ಕೇಳಿ, ಇಡ್ತಾರೆ.