ಮನ್ಯಾಗ ಬಿಯರ್ ಮಾಡೋರು ಯಾರು, ಹೆಂಗ ಮಾಡ್ತಾರ, ಕಲಬುರಗಿ ಬಿಸಿಲಾಗ ಆಗ್ತದೇನು?

ಮೊದ್ಲ ಹೇಳ್ಬಿಡ್ತೀನಿ, ಕರ್ನಾಟಕದಾಗ ಲೈಸೆನ್ಸ್ ಇಲ್ದ ಮಾಡೋದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಮನ್ಯಾಗ ಕುಡ್ಯಾಕಂದ್ರೂ. ಅಮೆರಿಕದಾಗ 1978ರಾಗ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮ್ಯಾಲ ಫೆಡರಲ್ (ಕೇಂದ್ರದ) ಕಾನೂನಿನ ಅಡ್ಡಿ ಹೋಯ್ತು, ಅಲ್ಲಿ ಇದು ದೊಡ್ಡ ಹವ್ಯಾಸ. ಇದ್ರ ಹಿಂದ ಬೀಳೋರು ಬರೇ ಕುಡ್ಯೋ ಮಂದಿ ಅಲ್ಲ ಮತ್ತ, ಅಡಗಿ ಹುಚ್ಚಿರೋರು, ಥರ್ಮಾಮೀಟರ್ ಹಿಡ್ಕೊಂಡು ಡೈರಿ ಬರ್ಯೋ ಇಂಜಿನಿಯರ್ ಟೈಪ್ ಮಂದಿ. ಸೋವಿ ಬೀಳ್ತದಂತ ಸುರು ಮಾಡಿದವ್ರು ಪಾತ್ರಿ ತೊಳ್ಯೋದ್ರಾಗೇ ಬ್ಯಾಸತ್ತು ಬಿಡ್ತಾರ.

ಮೊಳಕಿ ಬರ್ಸಿ ಒಣಗ್ಸಿದ ಬಾರ್ಲಿ ನುಚ್ಚು ಮಾಡಿ 65-67 ಡಿಗ್ರಿ ನೀರಾಗ ಒಂದ್ ತಾಸು ಇಟ್ರ ಅದ್ರಾಗಿನ ಪಿಷ್ಟ ಸಕ್ರಿ ಆಗ್ತದ, ಆ ರಸ ಸೋಸಿ ಕಹಿ-ಘಮಕ್ಕ ಹಾಪ್ಸ್ ಅನ್ನೋ ಬಳ್ಳಿ ಹೂ ಹಾಕಿ ಮತ್ತೊಂದ್ ತಾಸು ಕುದ್ಸಿ ಲಗೂನ ಆರ್ಸಿ ಯೀಸ್ಟ್ (ಸಕ್ರಿ ತಿಂದು ಆಲ್ಕೋಹಾಲ್ ಮಾಡೋ ಸೂಕ್ಷ್ಮಜೀವಿ) ಹಾಕಿ ಎರಡ್ ವಾರ ಬಿಡೋದು, ಆಮ್ಯಾಲ ಚೂರು ಸಕ್ರಿ ಹಾಕಿ ಬಾಟ್ಲಿಗೆ ತುಂಬಿದ್ರ ಗ್ಯಾಸ್ ತಾನ ಆಗ್ತದ. ಸಕ್ರಿ ಹೆಚ್ಚಾತಂದ್ರ ಬಾಟ್ಲಿ ಢಮ್ ಅಂತದ.

ಬಿಸಿಲಿಂದೇ ಖರೇ ತ್ರಾಸು. ಏಲ್ ಅನ್ನೋ ಜಾತಿ ಬಿಯರಿನ ಯೀಸ್ಟಿಗೆ 18-22 ಡಿಗ್ರಿ ಬೇಕು, ನಮ್ ಊರಾಗ ಮೇದಾಗ 42, ವಾಸನಿ ಕೆಟ್ ಹೋಗ್ತದ. ನಾರ್ವೆದ ಕ್ವೈಕ್ ಯೀಸ್ಟ್ ಮಾತ್ರ 35 ಡಿಗ್ರಿಗೂ ಆರಾಮ ಇರ್ತದ. ಆಫ್ರಿಕಾದಾಗ ಜ್ವಾಳದ್ದೂ ಬಿಯರ್ ಮಾಡ್ತಾರ, ನಮ್ ಬಿಳಿಜ್ವಾಳ ಸದ್ಯ ರೊಟ್ಟಿಗೇ ಇರ್ಲಿ ಬಿಡ್ರಿ.