ನಿಯಮ ಮಾಡಿದವರೇ ಮದುವೆಗೆ ಹೋದರೆ?

ಮತ್ತೊಂದು ಸಾಂಕ್ರಾಮಿಕ ಬಂದರೆ ನಮ್ಮ ನಾಯಕರೂ ನಾವೂ ಹೇಗೆ ನಡೆದುಕೊಳ್ಳುತ್ತೇವೆ? ಹೋದ ಸಂಚಿಕೆಯಲ್ಲಿ ಈ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವು, ಹೆಚ್ಚಿನವು ಕೋಪದವು. ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ನಮ್ಮ ಜನಕ್ಕೆ ಶಿಸ್ತು ಅನ್ನೋದೇ ಇಲ್ಲ. ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು ಓಡಾಡಿದವರು, ಲಾಕ್‌ಡೌನ್ ಹೇಗಿದೆ ನೋಡೋಣ ಅಂತ ಬೈಕ್ ತೆಗೆದುಕೊಂಡು ಬಂದವರು ನಾವೇ. ಎಲ್ಲದಕ್ಕೂ ರಾಜಕಾರಣಿಗಳನ್ನು ಬೈದರೆ ಆಗುತ್ತಾ? (ನಿವೃತ್ತ ಬ್ಯಾಂಕ್ ನೌಕರರು, ಜಯನಗರ)

ಸರ್, ನೀವು ಹೇಳಿದವರನ್ನು ನಾನೂ ನೋಡಿದ್ದೇನೆ. ಆದರೆ 2020ರ ಮಾರ್ಚ್ 22 ನೆನಪಿಸಿಕೊಳ್ಳಿ. ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಮನೆಯಲ್ಲೇ ಇರಿ ಅಂದರು, ಇಡೀ ಊರು ಇತ್ತು. ಎರಡು ದಿನ ಬಿಟ್ಟು ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು, ಮಧ್ಯರಾತ್ರಿಯಿಂದ 21 ದಿನ ದೇಶ ಬಂದ್ ಅಂದರು. ನಾಲ್ಕು ಗಂಟೆ ಸಮಯ, ಅಷ್ಟೇ. ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ, ಮುಂದಿನ ತಿಂಗಳ ಬಾಡಿಗೆ ಎಲ್ಲಿಂದ ಬರುತ್ತೋ ಗೊತ್ತಿಲ್ಲದವರೂ ಆ ಮಾತು ಕೇಳಿದರು. ಅಷ್ಟು ಕಷ್ಟದ ಮಾತನ್ನು ಪಾಲಿಸಿದವರನ್ನು ಶಿಸ್ತಿಲ್ಲದವರು ಅನ್ನೋಕೆ ನನಗೆ ಬಾಯಿ ಬರಲ್ಲ.

ಹಾಗಾದರೆ ಆ ಶಿಸ್ತು ಎಲ್ಲಿ ಸಡಿಲವಾಯಿತು? ಮಾರ್ಚ್ 13ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಮಾಲ್, ಚಿತ್ರಮಂದಿರ, ಪಬ್ ಎಲ್ಲ ಒಂದು ವಾರ ಮುಚ್ಚಿಸಿದರು. ಅದ್ದೂರಿ ಮದುವೆ ಮಾಡಬೇಡಿ ಅಂದರು. ಸರಿಯಾದ ತೀರ್ಮಾನ. ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡು, ದೇಶದ ಮೊದಲ ಕೋವಿಡ್ ಸಾವು ನಮ್ಮ ರಾಜ್ಯದ್ದೇ ಎಂದು ಗೊತ್ತಾಗಿದ್ದು ಅದರ ಹಿಂದಿನ ದಿನ. ಆದರೆ 15ನೇ ತಾರೀಕು ಅದೇ ಮುಖ್ಯಮಂತ್ರಿಗಳು ಬೆಳಗಾವಿಯಲ್ಲಿ ತಮ್ಮ ಪಕ್ಷದ ವಿಧಾನ ಪರಿಷತ್ ಸದಸ್ಯರೊಬ್ಬರ ಮನೆಯ ದೊಡ್ಡ ಮದುವೆಗೆ ಹೋದರು. ಛತ್ರಕ್ಕೆ ಕೊಟ್ಟ ಮುಂಗಡ ಕಳೆದುಕೊಂಡು, ನೆಂಟರಿಗೆಲ್ಲ ಫೋನ್ ಮಾಡಿ ಬರಬೇಡಿ ಅಂದ ಮನೆಯವರು ಆ ಫೋಟೋ ನೋಡಿದಾಗ ಅವರಿಗೆ ಏನನ್ನಿಸಿರಬೇಕು ಯೋಚಿಸಿ.

ಒಂದೇ ಪಕ್ಷದ ಮೇಲೆ ಹೇಳುತ್ತಿಲ್ಲ. ಏಪ್ರಿಲ್ 17ರಂದು, ಲಾಕ್‌ಡೌನ್ ನಡುವೆಯೇ, ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗನ ಮದುವೆ ಬಿಡದಿಯ ತೋಟದ ಮನೆಯಲ್ಲಿ ನಡೆಯಿತು. 2022ರ ಜನವರಿಯಲ್ಲಿ ಮೂರನೇ ಅಲೆ ಏರುತ್ತಿದ್ದಾಗ, ವಾರಾಂತ್ಯದ ಕರ್ಫ್ಯೂ ಇದ್ದಾಗಲೇ ಕಾಂಗ್ರೆಸ್ ಮೇಕೆದಾಟು ಪಾದಯಾತ್ರೆ ಹೊರಟಿತು. 9ಕ್ಕೆ ಶುರುವಾದ ಯಾತ್ರೆ ಹೈಕೋರ್ಟ್ ಕೇಳಿದ ಮೇಲೆ 13ಕ್ಕೆ ರಾಮನಗರದಲ್ಲಿ ನಿಂತಿತು. ನೀರಿನ ಪ್ರಶ್ನೆ ದೊಡ್ಡದು, ನಿಜ. ಆದರೆ ಅದು ಒಂದು ತಿಂಗಳು ಕಾಯಬಹುದಿತ್ತು.

ನನ್ನನ್ನು ಇವತ್ತಿಗೂ ಕಾಡುವುದು ಮಾತ್ರ 2021ರ ಏಪ್ರಿಲ್‌ನ ಉಪಚುನಾವಣೆ. ಬೆಳಗಾವಿ ಲೋಕಸಭಾ ಕ್ಷೇತ್ರ ಯಾಕೆ ಖಾಲಿಯಾಗಿತ್ತು? ಕೇಂದ್ರ ಸಚಿವರಾಗಿದ್ದ ಸುರೇಶ್ ಅಂಗಡಿಯವರು 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದ ತೀರಿಕೊಂಡಿದ್ದರು. ಬಸವಕಲ್ಯಾಣ ಯಾಕೆ ಖಾಲಿಯಾಗಿತ್ತು? ಅಲ್ಲಿನ ಶಾಸಕ ಬಿ. ನಾರಾಯಣರಾವ್ ಅವರು ಮಾರನೇ ದಿನವೇ ಅದೇ ಕಾಯಿಲೆಯಿಂದ ಹೋದರು. ಕೋವಿಡ್‌ನಿಂದ ಸತ್ತವರ ಜಾಗ ತುಂಬೋಕೆ, ಕೋವಿಡ್ ಎರಡನೇ ಅಲೆ ಏರುತ್ತಿರುವಾಗ, ಎಲ್ಲ ಪಕ್ಷಗಳೂ ಜನ ಸೇರಿಸಿ ಪ್ರಚಾರ ಮಾಡಿದವು. 17ಕ್ಕೆ ಮತದಾನ. 16ಕ್ಕೆ, ಪ್ರಚಾರ ಮುಗಿಸಿ ಬಂದ ಮುಖ್ಯಮಂತ್ರಿಗಳಿಗೇ ಎರಡನೇ ಸಲ ಸೋಂಕು ದೃಢಪಟ್ಟಿತು. 27ರ ರಾತ್ರಿಯಿಂದ ರಾಜ್ಯವೇ ಮತ್ತೆ ಬಂದ್. ಅಷ್ಟರಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲಾಗಿ ನಿಂತಿದ್ದವು.

ಆದ್ದರಿಂದ ಸರ್, ಜನ ತಪ್ಪು ಮಾಡಲಿಲ್ಲ ಅಂತ ನಾನು ಹೇಳಲ್ಲ. ಜನ ನೋಡುತ್ತಿದ್ದರು ಅಂತ ಹೇಳುತ್ತೇನೆ. ಸಭೆಗೆ ಲಾರಿಯಲ್ಲಿ ಜನ ಕರೆತಂದವರು ಮನೆಯಲ್ಲಿರಿ ಅಂದಾಗ, ಕಾಯಿಲೆ ಅಷ್ಟೇನೂ ದೊಡ್ಡದಲ್ಲ ಅಂತಲೇ ಜನ ತಿಳಿದುಕೊಂಡರು.

ಚಪ್ಪಾಳೆ ತಟ್ಟಿದ್ದು, ದೀಪ ಹಚ್ಚಿದ್ದು ಸುಮ್ನೆ ನಾಟಕ ಅಂತ ನನ್ನ ಗೆಳತಿಯರು ಹೇಳುತ್ತಾರೆ. ನಾನು ಮನಸ್ಸಿಟ್ಟು ಹಚ್ಚಿದ್ದೆ. ತಪ್ಪಾ? (ಗೃಹಿಣಿ, ವಿಜಯನಗರ)

ಖಂಡಿತ ತಪ್ಪಲ್ಲ ಅಮ್ಮ. ಭಯದಲ್ಲಿದ್ದಾಗ ಪಕ್ಕದ ಮನೆಯವರೂ ಜೊತೆಗಿದ್ದಾರೆ ಅನ್ನೋ ಧೈರ್ಯ ಬೇಕಿತ್ತು. ಬೇಜಾರಿನ ಸಂಗತಿ ಬೇರೆ ಇದೆ. ಅದೇ 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಮುಷ್ಕರ ಕೂರಬೇಕಾಯಿತು. ಮನೆ ಮನೆಗೆ ಹೋಗಿ ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಕೇಳಿದವರು ಅವರೇ. ಚಪ್ಪಾಳೆಯ ಜೊತೆ ಅದನ್ನೂ ಕೊಟ್ಟಿದ್ದರೆ ನಿಮ್ಮ ಗೆಳತಿಯರು ನಾಟಕ ಅನ್ನುತ್ತಿರಲಿಲ್ಲ.

ನಾನು ಆಟೋ ಓಡಿಸುತ್ತೇನೆ. ಮಾಸ್ಕ್ ಜಾರಿದ್ದಕ್ಕೆ ಪಾಲಿಕೆಯ ಮಾರ್ಷಲ್‌ಗಳು ದಂಡ ಹಾಕಿದರು. ದೊಡ್ಡವರ ಮೆರವಣಿಗೆಯಲ್ಲಿ ಯಾರಿಗೆ ಹಾಕಿದರು? (ಓದುಗರು, ಪೀಣ್ಯ)

ಅಣ್ಣ, ಈ ಪ್ರಶ್ನೆಯನ್ನು ಆಗ ಹೈಕೋರ್ಟೇ ಕೇಳಬೇಕಾಯಿತು. ರಾಜಕೀಯ ಮೆರವಣಿಗೆಗಳಲ್ಲಿ ಮಾಸ್ಕ್ ಇಲ್ಲದ ನಾಯಕರ ಮೇಲೆ ಏನು ಕ್ರಮ ಅಂತ ನ್ಯಾಯಾಲಯ ಸರ್ಕಾರದ ಹಿಂದೆ ಬೀಳಬೇಕಾಗಿ ಬಂದಿದ್ದೇ ನಾಚಿಕೆಯ ವಿಷಯ.

ದಂಡದ ಕಥೆಯನ್ನೇ ನೋಡಿ. 2020ರ ಅಕ್ಟೋಬರ್ ಶುರುವಿನಲ್ಲಿ ನಗರಗಳಲ್ಲಿ 1,000, ಹಳ್ಳಿಗಳಲ್ಲಿ 500 ರೂಪಾಯಿ ಮಾಡಿದರು. ದಿನಕ್ಕೆ ಐನೂರು ದುಡಿಯೋದೇ ಕಷ್ಟವಾಗಿದ್ದ ಕಾಲ ಅದು. ಜನ ಗಲಾಟೆ ಮಾಡಿದ ಮೇಲೆ ಒಂದೇ ವಾರದಲ್ಲಿ 250 ಮತ್ತು 100ಕ್ಕೆ ಇಳಿಸಿದರು. ಡಿಸೆಂಬರ್ 23ಕ್ಕೆ ರಾತ್ರಿ ಕರ್ಫ್ಯೂ ಅಂತ ಘೋಷಣೆಯಾಯಿತು, ಸಮಯ ಬದಲಾಯಿತು, 24ರ ಸಂಜೆ ಕರ್ಫ್ಯೂವೇ ವಾಪಸ್. 2021ರ ಏಪ್ರಿಲ್‌ನಲ್ಲಿ ಚಿತ್ರಮಂದಿರದಲ್ಲಿ ಅರ್ಧ ಸೀಟು ಮಾತ್ರ ಅಂದರು. ಚಿತ್ರರಂಗದವರು ಕೇಳಿಕೊಂಡ ಮೇಲೆ ಕೆಲವು ದಿನ ಮುಂದಕ್ಕೆ ಹಾಕಿದರು. ತಪ್ಪು ತೀರ್ಮಾನ ಬದಲಿಸುವುದು ಒಳ್ಳೆಯದೇ. ಆದರೆ ಯಾಕೆ ಮಾಡಿದೆವು, ಯಾಕೆ ಬದಲಿಸಿದೆವು ಅಂತ ಜನರ ಮುಂದೆ ಬಿಡಿಸಿ ಹೇಳಬೇಕು. ಅದು ಆಗಲಿಲ್ಲ. ಗಟ್ಟಿಯಾಗಿ ಕೂಗಿದವರ ನಿಯಮ ಸಡಿಲವಾಗುತ್ತೆ, ಸುಮ್ಮನಿದ್ದವರು ದಂಡ ಕಟ್ಟಬೇಕು ಅನ್ನೋ ಭಾವನೆ ಉಳಿಯಿತು.

ಇನ್ನೊಂದನ್ನು ನೀವು ಪೀಣ್ಯದಲ್ಲೇ ಕಂಡಿರುತ್ತೀರಿ. 2020ರ ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರ್‌ಗಳ ಜೊತೆ ಸಭೆ ಮಾಡಿದರು. ಅವತ್ತೇ ಸರ್ಕಾರ ವಲಸೆ ಕಾರ್ಮಿಕರ ರೈಲು ಬೇಡ ಅಂತ ರೈಲ್ವೆಗೆ ಪತ್ರ ಬರೆಯಿತು. ಒಂದೂವರೆ ತಿಂಗಳು ಕೂಲಿ ಇಲ್ಲದೆ, ಶೆಡ್‌ನಲ್ಲಿ ಕೂತು, ಊರಿಗೆ ಹೋಗಿ ಹೆಂಡತಿ ಮಕ್ಕಳ ಮುಖ ನೋಡಿದರೆ ಸಾಕು ಅಂತ ಹೆಸರು ಬರೆಸಿದ್ದ ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರಿಗೆ, ಕಟ್ಟಡದ ಕೆಲಸ ಶುರುವಾಗುತ್ತೆ, ಇಲ್ಲೇ ಇರಿ ಅಂದರು. ದೇಶದೆಲ್ಲೆಡೆ ಟೀಕೆ ಬಂದ ಮೇಲೆ ಮೂರು ದಿನದಲ್ಲಿ ರೈಲು ಮತ್ತೆ ಹೊರಟವು. ಆದರೆ ಅಷ್ಟರಲ್ಲಿ ಎಷ್ಟೋ ಜನ ಗಂಟುಮೂಟೆ ಕಟ್ಟಿಕೊಂಡು ನಡೆದೇ ಹೊರಟಿದ್ದರು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಬೇರೆ ದೇಶಗಳಲ್ಲಿ ಇಂಥ ನಾಯಕರಿಗೆ ಏನಾದರೂ ಶಿಕ್ಷೆ ಆಯ್ತಾ? (ಪದವಿ ವಿದ್ಯಾರ್ಥಿ, ಯಲಹಂಕ)

ಕೆಲವು ಕಡೆ ಆಯ್ತು ತಮ್ಮ. ನಾರ್ವೆಯ ಪ್ರಧಾನಿ ಎರ್ನಾ ಸೋಲ್ಬರ್ಗ್ ತಮ್ಮ 60ನೇ ಹುಟ್ಟುಹಬ್ಬಕ್ಕೆ ಹತ್ತು ಜನರ ಮಿತಿ ಮೀರಿ ಮನೆಯವರನ್ನು ಸೇರಿಸಿದ್ದರು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಪೊಲೀಸರು ಅವರಿಗೆ 20,000 ಕ್ರೋನರ್ ದಂಡ ಹಾಕಿದರು. ಪೊಲೀಸರು ಕೊಟ್ಟ ಕಾರಣ ಗಮನಿಸು. ಅವರು ದೇಶದ ನಾಯಕಿ, ನಿಯಮದ ಮೇಲೆ ಜನರ ನಂಬಿಕೆ ಉಳಿಯಬೇಕಾದರೆ ಅವರಿಗೆ ದಂಡ ಹಾಕಲೇಬೇಕು ಅಂದರು. ಅಂದರೆ ದೊಡ್ಡ ಸ್ಥಾನ ಅವರನ್ನು ಉಳಿಸಲಿಲ್ಲ, ದಂಡಕ್ಕೆ ಅದೇ ಕಾರಣವಾಯಿತು. ಥಾಯ್ಲೆಂಡ್ ಪ್ರಧಾನಿ ಸಭೆಯಲ್ಲಿ ಮಾಸ್ಕ್ ಹಾಕದೇ ಕೂತಿದ್ದಕ್ಕೆ 6,000 ಬಾತ್ ಕಟ್ಟಿದರು. ನ್ಯೂಜಿಲೆಂಡ್‌ನ ಆರೋಗ್ಯ ಸಚಿವ ಡೇವಿಡ್ ಕ್ಲಾರ್ಕ್ ಲಾಕ್‌ಡೌನ್‌ನಲ್ಲಿ ಮನೆಯವರನ್ನು ಬೀಚಿಗೆ ಕರೆದುಕೊಂಡು ಹೋಗಿ, ಸಂಪುಟದ ಕೊನೆಯ ಸ್ಥಾನಕ್ಕೆ ಇಳಿದರು.

ಬ್ರಿಟನ್ನಿನದು ಬೇರೆ ಪಾಠ. ಪ್ರಧಾನಿ ಬೋರಿಸ್ ಜಾನ್ಸನ್ ಅವರ ಸಲಹೆಗಾರ ಡೊಮಿನಿಕ್ ಕಮ್ಮಿಂಗ್ಸ್ ಲಾಕ್‌ಡೌನ್‌ನಲ್ಲೇ ಲಂಡನ್‌ನಿಂದ ದೂರದ ಡರಮ್‌ಗೆ ಕಾರಿನಲ್ಲಿ ಹೋದರು. ಪ್ರಧಾನಿ ಅವರ ಪರವಾಗಿಯೇ ನಿಂತರು. ಆ ಹೊತ್ತಿಗೆ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು ಸಾವಿರಾರು ಜನರನ್ನು ಸಮೀಕ್ಷೆ ಮಾಡುತ್ತಿದ್ದರು. ಸರ್ಕಾರದ ಮೇಲಿನ ನಂಬಿಕೆ ಇಂಗ್ಲೆಂಡಿನಲ್ಲಿ ಆ ಸುದ್ದಿಯ ನಂತರ ಕುಸಿದದ್ದು ಅವರ ಲೆಕ್ಕದಲ್ಲಿ ಕಾಣಿಸಿತು. ಬೇರೆ ಸರ್ಕಾರ ಇರುವ ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಹಾಗೆ ಕುಸಿಯಲಿಲ್ಲ. ಇದು 2020ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮುಂದೆ ಜಾನ್ಸನ್ ಅವರಿಗೇ ತಮ್ಮ ಕಚೇರಿಯ ಕೂಟವೊಂದಕ್ಕೆ ಪೊಲೀಸ್ ದಂಡ ಬಿತ್ತು.

ಕಾಯಿಲೆಗಿಂತ ಅಕ್ಕಪಕ್ಕದವರ ನೋಟ ಜಾಸ್ತಿ ನೋಯಿಸಿತು. ಮನೆ ಬಾಗಿಲಿಗೆ ಚೀಟಿ ಅಂಟಿಸಿದ ಮೇಲೆ ಹಾಲಿನವನೂ ಬರಲಿಲ್ಲ. ಇದಕ್ಕೂ ನಾಯಕರೇ ಕಾರಣವಾ? (ಶಿಕ್ಷಕಿ, ಮಲ್ಲೇಶ್ವರ)

ಮೇಡಂ, ನಿಮಗಾದ ನೋವಿಗೆ ನಿಮ್ಮ ಅಕ್ಕಪಕ್ಕದವರೂ ಉತ್ತರ ಕೊಡಬೇಕು. ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಗಲಾಟೆ ಮಾಡಿದವರೂ ಕೊಡಬೇಕು. ಆದರೆ ಮೇಲಿನವರು ಹೇಗೆ ಮಾತಾಡುತ್ತಾರೋ ಬೀದಿಯೂ ಹಾಗೇ ಮಾತಾಡುತ್ತೆ. 2021ರ ಮೇ 4ರಂದು ಸಂಸದ ತೇಜಸ್ವಿ ಸೂರ್ಯ ಮತ್ತು ಕೆಲವು ಶಾಸಕರು ರೋಗಿಗಳಿಗೆ ಆಸ್ಪತ್ರೆ ಹಾಸಿಗೆ ಹಂಚುತ್ತಿದ್ದ ಪಾಲಿಕೆಯ ದಕ್ಷಿಣ ವಲಯದ ವಾರ್ ರೂಮಿಗೆ ಹೋದರು. ಹಾಸಿಗೆ ಹಂಚಿಕೆಯಲ್ಲಿ ಅಕ್ರಮ ನಡೆದಿದೆ ಎಂಬುದು ಅವರ ದೂರು. ಆ ಪ್ರಶ್ನೆ ಕೇಳಬೇಕಾದದ್ದೇ. ಆದರೆ ಇನ್ನೂರರಷ್ಟು ಜನ ಕೆಲಸ ಮಾಡುವ ಜಾಗದಲ್ಲಿ ಅಲ್ಲಿ ಓದಿದ್ದು 17 ಮುಸ್ಲಿಮರ ಹೆಸರು ಮಾತ್ರ. ಆ ಪಟ್ಟಿ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿತು. ಹಗಲೂ ರಾತ್ರಿ ಫೋನ್ ಎತ್ತಿಕೊಂಡು ಯಾರದೋ ತಂದೆಗೆ, ತಾಯಿಗೆ ಹಾಸಿಗೆ ಹುಡುಕುತ್ತಿದ್ದ ಹುಡುಗರನ್ನು ಜನ ಬಾಯಿಗೆ ಬಂದಂತೆ ಬೈದರು.

ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. 2020ರ ಜುಲೈನಲ್ಲಿ ನಗರದ ಅಪಾರ್ಟ್‌ಮೆಂಟ್ ಒಂದರಲ್ಲಿ ಸೋಂಕಿತರಿದ್ದಾರೆ ಅಂತ ಪಾಲಿಕೆ ಸಿಬ್ಬಂದಿ ಎರಡು ಮನೆಗಳ ಬಾಗಿಲಿಗೆ ತಗಡು ಹೊಡೆದುಬಿಟ್ಟಿದ್ದರು. ಒಳಗೆ ಮಕ್ಕಳಿದ್ದರು. ಬೆಂಕಿ ಬಿದ್ದರೆ ಏನು ಗತಿ? ವಿಷಯ ಗೊತ್ತಾದ ಕೂಡಲೇ ಆಯುಕ್ತ ಮಂಜುನಾಥ್ ಪ್ರಸಾದ್ ತಗಡು ತೆಗೆಸಿ, ಬಹಿರಂಗವಾಗಿ ಕ್ಷಮೆ ಕೇಳಿದರು. ಸೋಂಕಿತರನ್ನು ಹೀಗೆ ನಡೆಸಿಕೊಳ್ಳಬಾರದು ಅಂತ ಅವತ್ತು ಊರಿಗೆಲ್ಲ ಗೊತ್ತಾಯಿತು.

ಇದಕ್ಕೆ ಎದುರಾಗಿ ಚಾಮರಾಜನಗರ ಇದೆ. 2021ರ ಮೇ 2ರ ರಾತ್ರಿಯಿಂದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಹೋದರು. ಆಮ್ಲಜನಕ ಸಿಗದೇ ಸತ್ತವರು ಮೂವರೇ ಅಂತ ಸರ್ಕಾರ ಮೊದಲು ಹೇಳಿತು. ಹೈಕೋರ್ಟ್ ನೇಮಿಸಿದ ಸಮಿತಿ ವರದಿ ಕೊಟ್ಟ ಮೇಲೆ ಆ ಲೆಕ್ಕ ಬಿದ್ದುಹೋಯಿತು. ಸಾವನ್ನೇ ಚಿಕ್ಕದು ಮಾಡಿ ಹೇಳಿದರೆ, ನಾಳೆ ಲಸಿಕೆ ಹಾಕಿಸಿಕೊಳ್ಳಿ ಅಂದಾಗ ಯಾರು ನಂಬುತ್ತಾರೆ?

ನೀವಿರುವ ಮಲ್ಲೇಶ್ವರವೇ ಪ್ಲೇಗಿನ ನಂತರ ಬೆಳೆದ ಬಡಾವಣೆ, ಬಸವನಗುಡಿಯೂ ಹಾಗೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಪೇಟೆ ಬಿಟ್ಟು ಬಂದವರಿಗೆ ಇಲ್ಲಿ ಅಗಲ ರಸ್ತೆ, ಗಾಳಿ ಬೆಳಕಿನ ಮನೆ ಸಿಕ್ಕವು. ಅದರ ಹಿಂದಿನ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮನೆಗಳಿಗೆ ಸೈನಿಕರನ್ನು ನುಗ್ಗಿಸಿದ್ದ. ಅದೇ ಸಿಟ್ಟಿಗೆ ಚಾಪೇಕರ್ ಸಹೋದರರು ಅವನನ್ನು ಗುಂಡಿಟ್ಟು ಕೊಂದರು. ಕಾಯಿಲೆ ಒಂದೇ, ಆಳುವವರು ನಡೆದುಕೊಂಡ ರೀತಿ ಬೇರೆ, ಜನರ ಉತ್ತರವೂ ಬೇರೆ.

ಇಷ್ಟೆಲ್ಲ ಆಗಿ ಹೋಯ್ತು. ಈಗ ನಮ್ಮ ಕೈಲಿ ಏನಿದೆ? (ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಜೆ.ಪಿ. ನಗರ)

ಮೊದಲು ಒಂದು ವಿಷಯ. ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿಯ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಚುನಾವಣೆ ನಡೆಯಲಿಲ್ಲ. ಎರಡನೇ ಅಲೆಯಲ್ಲಿ 198 ವಾರ್ಡ್‌ಗಳಲ್ಲಿ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ರಾತ್ರಿ ಎರಡಕ್ಕೆ ಆಮ್ಲಜನಕ ಬೇಕಾದವರು ಯಾರ ಮನೆ ಬಾಗಿಲು ತಟ್ಟಬೇಕಿತ್ತು? ಊಟ ಹಂಚಿದ್ದು, ಸಿಲಿಂಡರ್ ಹುಡುಕಿದ್ದು, ಹೆಣ ಹೊತ್ತಿದ್ದು ಬೀದಿಯ ಹುಡುಗರು, ಸ್ವಯಂಸೇವಕರು.

2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ವೋಟು ಕೇಳೋಕೆ ಬಂದವರನ್ನು ರಸ್ತೆ, ಕಸದ ಜೊತೆ ಇದನ್ನೂ ಕೇಳಿ. ನಮ್ಮ ವಾರ್ಡಿನ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿದೆ, ಅಲ್ಲಿ ವೈದ್ಯರು ಎಷ್ಟು ಜನ, ಆಶಾ ಕಾರ್ಯಕರ್ತೆ ಯಾರು ಗೊತ್ತಾ ಅಂತ ಕೇಳಿ. ಜನ ಸೇರಬಾರದು ಅಂತ ಆದೇಶ ಇದ್ದಾಗ ನಿಮ್ಮ ಪಕ್ಷದ ಸಭೆ ನಿಲ್ಲಿಸುತ್ತೀರಾ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಿ, ಉತ್ತರವನ್ನು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿ. ಹಾಗೇ ನಿಮ್ಮ ಸಂಘದವರನ್ನೂ ಒಂದು ಕೇಳಬೇಕು. ಕೋವಿಡ್ ಕಾಲದಲ್ಲಿ ಮನೆಗೆಲಸದವರನ್ನು ಲಿಫ್ಟ್ ಹತ್ತಬೇಡಿ ಅಂದ ಅಪಾರ್ಟ್‌ಮೆಂಟ್‌ಗಳು ಈ ಊರಿನಲ್ಲಿ ಬೇಕಾದಷ್ಟಿದ್ದವು. ನಿಮ್ಮಲ್ಲೂ ಅಂಥ ನಿಯಮ ಇದ್ದರೆ, ಮುಂದಿನ ಸಭೆಯಲ್ಲೇ ತೆಗೆದುಹಾಕಿ.