ಭುಜದ ಇಂಪಿಂಜ್‌ಮೆಂಟ್ ಪತ್ತೆಗೆ 1.5 ಟೆಸ್ಲಾ ಎಂಆರ್‌ಐ ಸಾಕೇ, 3 ಟೆಸ್ಲಾ ಬೇಕೇ?

ಮೂರು ತಿಂಗಳಿಂದ ಬಲಭುಜ ನೋಯುತ್ತಿದೆ, ಕೈ ಮೇಲೆತ್ತಲು ಆಗುತ್ತಿಲ್ಲ, ಬೆಂಗಳೂರಿನಲ್ಲಿ ಯಾವ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಲಿ ಎಂದು ಕೇಳಿದ್ದೀರಿ. ಇಂಪಿಂಜ್‌ಮೆಂಟ್ ಎಂದರೆ ಕೈ ಎತ್ತುವಾಗ ಭುಜದ ಮೇಲ್ಮೂಳೆಯ ಅಡಿಯಲ್ಲಿ ಸ್ನಾಯುರಜ್ಜು ಒತ್ತಿಕೊಳ್ಳುವುದು, ಟೆಸ್ಲಾ ಎಂದರೆ ಯಂತ್ರದ ಕಾಂತಶಕ್ತಿಯ ಅಳತೆ. ಯಾವ ವೈದ್ಯರಾದರೂ ಭುಜ ಮುಟ್ಟಿ ನೋಡಿದ್ದಾರೆಯೇ ಎಂಬುದನ್ನು ಬರೆದಿಲ್ಲ. ನಾನೂ ಹೀಗೆಯೇ ಹೊರಟವಳು.

ವಿಜಯನಗರದ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಶಿಕ್ಷಕಿ. ಆಗ ನನಗೆ 47 ವರ್ಷ. ಕಪ್ಪುಹಲಗೆಯ ಮೇಲಿನ ಸಾಲುಗಳಲ್ಲಿ ಬರೆಯುವಾಗ ಭುಜದೊಳಗೆ ಚುಚ್ಚಿದಂತಾಗುತ್ತಿತ್ತು, ಕೆಳಗಿನ ಸಾಲಿಗೆ ಬಂದರೆ ಏನೂ ಇಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಆಗುತ್ತಿರಲಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಹಾರಿಹೋಗುತ್ತಿತ್ತು. "ಎಂಆರ್‌ಐ ಮಾಡಿಸಿಬಿಡಿ ಮೇಡಂ, ಎಲ್ಲವೂ ತಿಳಿಯುತ್ತದೆ" ಎಂದರು ಸಹೋದ್ಯೋಗಿಯೊಬ್ಬರು. ಶನಿವಾರ ಶಾಲೆ ಮುಗಿಸಿ ನೇರವಾಗಿ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ 7,500 ರೂಪಾಯಿ ಕಟ್ಟಿದೆ. ವರದಿ ಬಂತು: ತೋಳೆತ್ತಲು ನೆರವಾಗುವ ಸುಪ್ರಾಸ್ಪೈನೇಟಸ್ ಸ್ನಾಯುರಜ್ಜು ಭಾಗಶಃ ಹರಿದಿದೆ, ಅದರ ಮೇಲಿರುವ ಅಕ್ರೋಮಿಯನ್ ಮೂಳೆ ಟೈಪ್ 2, ಇಂಪಿಂಜ್‌ಮೆಂಟ್ ಇರಬಹುದು.

ನನ್ನ ತಪ್ಪು ಇಲ್ಲಿಂದ ಶುರು. ಮೂಳೆ ವೈದ್ಯರ ಎದುರು ಕುಳಿತವಳೇ ಮೇಜಿನ ಮೇಲೆ ವರದಿ ಇಟ್ಟೆ. ಎಲ್ಲಿ ನೋವು, ಯಾವಾಗ ನೋವು, ಎಷ್ಟು ಎತ್ತಿದರೆ ನೋವು ಎಂದು ಹೇಳುವ ಮೊದಲೇ ಇಟ್ಟೆ. ಅವರು ವರದಿ ಓದಿದರು, ಫಿಲಂ ಬೆಳಕಿಗೆ ಹಿಡಿದರು, ಕೈಗೆ ವಿಶ್ರಾಂತಿ ಕೊಡಿ, ಮುಂದೆ ಮೂಳೆ ಕೆರೆಯುವ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದರು. ನನಗೆ ಸಕ್ಕರೆ ಕಾಯಿಲೆ ಇದೆ. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳುವುದಕ್ಕೆ ಏನಿದೆ, ಎಲ್ಲವೂ ಕಾಗದದಲ್ಲಿದೆ ಎಂದು ನಂಬಿದ್ದೆ. ಮನೆಗೆ ಬಂದ ಮೇಲೆ "ಹರಿದಿದೆ" ಎಂಬ ಒಂದೇ ಪದ ತಲೆಯಲ್ಲಿ ಕುಳಿತಿತ್ತು. ಹಳೆಯ ಸೀರೆ ಒಂದು ಕಡೆ ಹರಿದರೆ ಎಳೆದಷ್ಟೂ ಹರಿಯುತ್ತದಲ್ಲ, ಹಾಗೆಯೇ ಇದೂ ಎಂದುಕೊಂಡು ಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ಓಡಾಡಿದೆ. ಜಡೆ ಮಗಳು ಹಾಕುತ್ತಿದ್ದಳು. ಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಿದ್ದೆ. ಹೀಗೆ ನಾಲ್ಕು ತಿಂಗಳು. ಆ ಹೊತ್ತಿಗೆ ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುವುದಿರಲಿ, ಬೇರೆಯವರು ಹಿಡಿದು ಎತ್ತಿದರೂ ಮೇಲೇಳುತ್ತಿರಲಿಲ್ಲ.

ಮಲ್ಲೇಶ್ವರದಲ್ಲಿ ಹಿರಿಯ ವೈದ್ಯರೊಬ್ಬರು ಸಿಕ್ಕರು. ಚೀಲದಿಂದ ಫಿಲಂ ತೆಗೆಯಹೋದರೆ, "ಅದು ಅಲ್ಲೇ ಇರಲಮ್ಮಾ, ಮೊದಲು ಕೈ ಎತ್ತಿ" ಎಂದರು. ಬಿದ್ದಿದ್ದಿರಾ, ಸಕ್ಕರೆ ಇದೆಯೇ, ಏನು ಕೆಲಸ ಎಂದು ಕೇಳಿದರು. ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು ಅಂಗೈಯನ್ನು ಹೊರಕ್ಕೆ ತಿರುಗಿಸಿದರು. ಸ್ವಲ್ಪ ತಿರುಗಿ ನಿಂತುಬಿಟ್ಟಿತು. "ಭುಜ ಬಿಗಿದುಕೊಂಡಿದೆ. ಸಕ್ಕರೆ ಇರುವವರಲ್ಲಿ ಇದು ಹೆಚ್ಚು. ಅಲ್ಲಾಡಿಸದೆ ಇಟ್ಟು ಇನ್ನೂ ಕೆಡಿಸಿಕೊಂಡಿದ್ದೀರಿ" ಎಂದರು. ಇಷ್ಟಾದ ಮೇಲೆ ಫಿಲಂ ನೋಡಿದರು.

ಅವರು ವಿವರಿಸಿದ್ದನ್ನು ಇಂದಿಗೂ ಮರೆತಿಲ್ಲ. ತೋಳನ್ನು ಪಕ್ಕದಿಂದ ಎತ್ತುವಾಗ, ಸುಮಾರು 60ರಿಂದ 120 ಡಿಗ್ರಿಯ ನಡುವೆ, ಇಂಪಿಂಜ್‌ಮೆಂಟಿನ ನೋವು ಕಾಣಿಸಿಕೊಳ್ಳುತ್ತದೆ. ಎಂಆರ್‌ಐ ಯಂತ್ರದಲ್ಲಿ ನಾವು ಅಂಗಾತ ಮಲಗಿ, ಕೈಯನ್ನು ಪಕ್ಕಕ್ಕಿಟ್ಟು, ಅಲುಗಾಡದೆ ಇರುತ್ತೇವೆ. ನೋವು ಹುಟ್ಟುವ ಚಲನೆಯೇ ಆ ಚಿತ್ರದಲ್ಲಿ ಇರುವುದಿಲ್ಲ. ರಜ್ಜು ಹರಿದಿರುವುದು ಕಂಡರೂ ನೋವಿಗೆ ಅದೇ ಕಾರಣ ಎನ್ನುವಂತಿಲ್ಲ: 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭುಜದ ನೋವೇ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿದಾಗ ಶೇ. 34ರಷ್ಟು ಮಂದಿಯಲ್ಲಿ ಸ್ನಾಯುರಜ್ಜು ಹರಿದಿರುವುದು ಕಂಡಿತ್ತು. 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು. ನನ್ನನ್ನು ಹೆದರಿಸಿದ ಟೈಪ್ 2 ಎಂದರೆ ಮೂಳೆಯ ತಳ ಸ್ವಲ್ಪ ಬಾಗಿದೆ ಎಂದಷ್ಟೇ. ಮೂಳೆ ಕೆರೆಯುವ ಶಸ್ತ್ರಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ ಪರೀಕ್ಷೆಗೆ ಒಡ್ಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂಳೆ ಕೆರೆಸಿಕೊಂಡವರಿಗೂ, ದುರ್ಬೀನು ಹಾಕಿ ನೋಡಿ ಏನೂ ಕೆರೆಯದೆ ಬಿಟ್ಟವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಫಿಸಿಯೋಥೆರಪಿಗೆ ಎಂಟು ತಿಂಗಳು ಹಿಡಿಯಿತು. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತಾ, ನಿನ್ನೆಗಿಂತ ಒಂದು ಅಂಗುಲ ಮೇಲೆ ಹೋದರೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದೆ. ಅಡುಗೆಮನೆಯ ಗೋಡೆಯಲ್ಲಿ ಆ ಗೀಟುಗಳು ಇನ್ನೂ ಇವೆ. ಮೊದಲ ತಿಂಗಳಲ್ಲೇ ಯಾರಾದರೂ ಕೈ ಹಿಡಿದು ನೋಡಿದ್ದರೆ ಇಷ್ಟು ದಿನ ಬೇಕಿರಲಿಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಆದ್ದರಿಂದ 1.5 ಅಥವಾ 3 ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 3 ಟೆಸ್ಲಾದಲ್ಲಿ ಚಿತ್ರ ಸ್ಪಷ್ಟ, ನಿಜ. ಆದರೆ ಸ್ನಾಯುರಜ್ಜು ಯಂತ್ರದ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿದ್ದರೆ, ಆರೋಗ್ಯವಾಗಿದ್ದರೂ ಕೆಲವು ಚಿತ್ರಗಳಲ್ಲಿ ಕೆಟ್ಟಿರುವಂತೆ ಬೆಳ್ಳಗೆ ಕಾಣಬಹುದು, ಟೆಸ್ಲಾ ಹೆಚ್ಚಿಸಿದರೆ ಅದು ತಪ್ಪುವುದಿಲ್ಲ. ಈ ವಾರವೇ ಭುಜವನ್ನು ಮುಟ್ಟಿ, ತಿರುಗಿಸಿ, ಎತ್ತಿಸಿ ನೋಡುವ ಮೂಳೆ ವೈದ್ಯರನ್ನು ಹುಡುಕಿ. ಅವರು ಹೇಳಿದ ವ್ಯಾಯಾಮವನ್ನು ಒಂದು ದಿನವೂ ಬಿಡದೆ ಮೂರು ತಿಂಗಳು ಮಾಡಿ. ಆಮೇಲೂ ಕಡಿಮೆಯಾಗದಿದ್ದರೆ, ಶಸ್ತ್ರಚಿಕಿತ್ಸೆಯ ಮಾತು ಬಂದರೆ, ಅವರೇ ಎಂಆರ್‌ಐಗೆ ಬರೆದುಕೊಡುತ್ತಾರೆ. ಬಿದ್ದು ಪೆಟ್ಟಾಗಿ ತೋಳು ಥಟ್ಟನೆ ಎತ್ತಲಾಗದಂತೆ ಆಗಿದ್ದರೆ ಮಾತ್ರ ಕಾಯಬೇಡಿ, ಅಂದೇ ತೋರಿಸಿ. ಸ್ಕ್ಯಾನಿಂಗಿಗೆ ಹೋಗುವ ದಿನ ಬಂದರೆ ಚೀಟಿಯಲ್ಲಿ ವೈದ್ಯರು ಏನನ್ನು ಹುಡುಕುತ್ತಿದ್ದಾರೆ ಎಂಬುದನ್ನು ಬರೆಸಿಕೊಂಡು ಹೋಗಿ, ವರದಿಯ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಅಲ್ಲಿಯವರೆಗೆ ದಯವಿಟ್ಟು ಕೈಯನ್ನು ಪಕ್ಕೆಗೆ ಕಟ್ಟಿಡಬೇಡಿ.